ಸೇತುವೆ ಫಲಕದ ಎರಡು ಅಕ್ಷರ

ರಸ್ತೆ ಬದಿಯ ಸ್ಮಾರಕ ಫಲಕಗಳಿಗೆ ಬಣ್ಣ ಬಳಿದು, ಮಾಸಿದ ಅಕ್ಷರ ತಿದ್ದುವುದು ಅವನ ಕೆಲಸ. ಇಪ್ಪತ್ತು ವರ್ಷದಿಂದ ಮಾಡುತ್ತಿದ್ದ. ಆದರೆ ಸೇತುವೆ ಪಕ್ಕದ ಫಲಕದ ಮುಂದೆ ಕೂತಾಗೆಲ್ಲ ಜೀವ ಚಡಪಡಿಸುತ್ತಿತ್ತು. ‘ಮಹಾಪ್ರವಾಹದಲ್ಲಿ ದೋಣಿಯವನು ನಲವತ್ತು ಜನರನ್ನು ಇಲ್ಲಿ ದಾಟಿಸಿದನು’ ಎಂದಿತ್ತು ಅದರಲ್ಲಿ. ದಾಟಿಸಿದ್ದು ದೋಣಿಯವನಲ್ಲ, ಅವನ ಹೆಂಡತಿ ಎಂದು ಸೋದರತ್ತೆ ಮೊದಲಿನಿಂದಲೂ ಹೇಳುತ್ತಿದ್ದಳು. ಆಗ ಆರು ವರ್ಷದವಳಾಗಿದ್ದ ಅತ್ತೆ ಅದೇ ದೋಣಿಯಲ್ಲಿದ್ದಳು.

ಈ ಸಲ ತಡೆಯಲಾಗಲಿಲ್ಲ. ‘ನು’ ಇದ್ದ ಎರಡೂ ಕಡೆ ‘ಳು’ ಬರೆದುಬಿಟ್ಟ. ಕೆಲಸ ನೋಡಲು ಬಂದ ಇಲಾಖೆಯ ಸಾಹೇಬರು ಮೇಲೆ ಮೇಲೆ ಕಣ್ಣಾಡಿಸಿ, “ಚೆನ್ನಾಗಿದೆ” ಎಂದು ಜೀಪು ಹತ್ತಿದರು. ಸದ್ಯ ಬಚಾವಾದೆ ಎಂದುಕೊಳ್ಳಬೇಕಿತ್ತು. ಆದರೆ ಕದ್ದು ತಿದ್ದಿದಂತಾಯಿತಲ್ಲ ಎನ್ನಿಸಿತು. ಓಡಿಹೋಗಿ ಜೀಪು ನಿಲ್ಲಿಸಿ ಎಲ್ಲವನ್ನೂ ಹೇಳಿದ.

“ನಿನಗ್ಯಾರಯ್ಯ ಅಧಿಕಾರ ಕೊಟ್ಟಿದ್ದು?” ಸಾಹೇಬರು ಕೆಂಡವಾದರು. “ನಾಳೆ ನಿಮ್ಮತ್ತೇನ ಆಫೀಸಿಗೆ ಕರ್ಕೊಂಡು ಬಾ. ಇಲ್ಲಾಂದ್ರೆ ಮೊದಲಿದ್ದ ಹಾಗೇ ಬರೀಬೇಕು.”

ಅತ್ತೆ ಬಂದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ. “ದೋಣಿಯವ ಜ್ವರ ಬಂದು ಮಲಗಿದ್ದ ಸ್ವಾಮಿ, ದೋಣಿ ನಡೆಸಿದ್ದು ಅವನ ಹೆಂಡತಿ. ನಾನು ಅವಳ ಕಾಲ ಹತ್ರಾನೇ ಕೂತಿದ್ದೆ. ಹುಟ್ಟು ಹಾಕಿ ಹಾಕಿ ಅವಳ ಅಂಗೈ ಚರ್ಮ ಕಿತ್ತುಹೋಗಿತ್ತು. ಫಲಕ ಬರೆಸೋಕೆ ಬಂದೋರು ನಮ್ಮನ್ನ ಒಂದು ಮಾತು ಕೇಳ್ಲಿಲ್ಲ.”

ಸಾಹೇಬರು ಅದನ್ನೆಲ್ಲ ತಾವೇ ಬರೆದುಕೊಂಡು ಅತ್ತೆಯ ಸಹಿ ಹಾಕಿಸಿಕೊಂಡರು. ‘ಳು’ ಉಳಿಯಿತು.

ಅವನಿಗೆ ಮಾತ್ರ ನೆಮ್ಮದಿಯಾಗಲಿಲ್ಲ. ಈಗ ಯಾವ ಫಲಕಕ್ಕೆ ಹೋದರೂ, ಬಣ್ಣದ ಡಬ್ಬಿ ತೆರೆಯುವ ಮೊದಲು ಅಕ್ಕಪಕ್ಕದ ಮನೆಗಳ ಬಾಗಿಲು ತಟ್ಟಿ, ಅದರಲ್ಲಿ ಬರೆದಿರುವುದು ನಿಜವೇ ಎಂದು ಹಳಬರನ್ನು ಕೇಳಿ ಬರುತ್ತಾನೆ.