ಬೆಣ್ಣೆ ಕರಗಿದ್ದು ಗೊತ್ತಾಗದ ಕೈ

ಮಗುವಿನ ಬೆನ್ನ ಮೇಲೆ ಹೋದ ವಾರ ಕಂಡ ಕೆಂಪು ಮಚ್ಚೆ ಎರಡೇ ದಿನದಲ್ಲಿ ಮಾಯವಾಗಿತ್ತು. ಸೊಸೆಯ ತಲೆಯಿಂದ ಮಾತ್ರ ಹೋಗಿರಲಿಲ್ಲ. ದಿನಾ ಸ್ನಾನ ಮಾಡಿಸುತ್ತಿದ್ದುದು ಅತ್ತೆ. ನೀರಿನ ಹದ ನೋಡುತ್ತಿದ್ದುದೂ ಅತ್ತೆಯ ಕೈಯೇ. ಬಿಸಿ ಹೆಚ್ಚಾಗಿತ್ತೇ ಎಂದು ಕೇಳಿದ್ದಕ್ಕೆ, "ಬೆವರುಸಾಲೆ ಕಣೆ ಅದು. ಪುಸ್ತಕ ಓದ್ಕೊಂಡು ಮಗು ಹೆತ್ತವಳಿಗೆ ಏನ್ ಗೊತ್ತಾಗುತ್ತೆ?" ಎಂಬ ಉತ್ತರ ಬಂದಿತ್ತು. ಬೀದಿ ಕೊನೆಯ ಕ್ಲಿನಿಕ್ಕಿಗೆ ಫೋನ್ ಮಾಡೋಣವೆಂದು ಮೂರು ಸಲ ನಂಬರ್ ಒತ್ತಿ, ಮೂರು ಸಲವೂ ಕಟ್ ಮಾಡಿದ್ದಳು. ಒಂದೇ ತಿಂಗಳಲ್ಲಿ ಏಳು ಸಲ ಡಾಕ್ಟರಿಗೆ ಫೋನ್ ಮಾಡಿದ ಹೆಂಡತಿ ಎಂದು ಗಂಡ ಬಂದವರೆದುರೆಲ್ಲ ಹೇಳಿಕೊಂಡು ನಕ್ಕಿದ್ದ.

ಅತ್ತೆಯನ್ನು ಬೀದಿಯವರು ಕರೆಯುವುದು ಬಿಸ್ಕತ್ತಮ್ಮ ಎಂದು. ಗಂಡ ತೀರಿಕೊಂಡಾಗ ಅವರ ಮಗನಿಗೆ ನಾಲ್ಕು ವರ್ಷ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯಲು ಸೇರಿದವರು, ಬಿಸ್ಕತ್ತು ಮಾಡುವವನು ಹೇಳದೆ ಕೇಳದೆ ಬಿಟ್ಟುಹೋದ ದಿನ ಹಿಟ್ಟಿಗೆ ಕೈ ಹಾಕಿದರು. ಇಪ್ಪತ್ತೆರಡು ವರ್ಷ ತೆಗೆಯಲಿಲ್ಲ. ಎರಡು ಬೆರಳು ದಪ್ಪಕ್ಕೆ ಉಬ್ಬಿ, ಮುರಿದರೆ ಪದರ ಪದರವಾಗಿ ಬಿಚ್ಚಿಕೊಳ್ಳುವ ಮೆತ್ತನೆ ಬಿಸ್ಕತ್ತು. ಊಟ ಸೇರದ ರೋಗಿಗಳೂ ಕೇಳಿ ತರಿಸಿಕೊಳ್ಳುತ್ತಿದ್ದರಂತೆ. ಕ್ಯಾಂಟೀನ್ ಮುಚ್ಚಿದ ಮೇಲೆ ಮನೆಯಲ್ಲೇ ಓವನ್ ಇಟ್ಟುಕೊಂಡು ಎದುರಿನ ಚಹಾ ಅಂಗಡಿಗೆ ಪ್ರತಿ ಶನಿವಾರ ಕೊಡುತ್ತಿದ್ದರು.

ಗುಟ್ಟು ಇಷ್ಟೇ. ಬೆಣ್ಣೆ ಫ್ರಿಜ್ಜಿನಲ್ಲಿ ಕಲ್ಲಾಗಬೇಕು. ಅದನ್ನು ಚೂರು ಮಾಡಿ ಮೈದಾಕ್ಕೆ ಹಾಕಿ ಬೆರಳ ತುದಿಯಲ್ಲಷ್ಟೇ ಉಜ್ಜಬೇಕು. ರವೆಯಂತೆ ಉದುರಬೇಕು, ಕರಗಕೂಡದು. ಆ ತಣ್ಣನೆ ಚೂರುಗಳು ಓವನ್ನಿನ ಕಾವಿಗೆ ಸಿಕ್ಕಾಗಲೇ ಬಿಸ್ಕತ್ತು ಮೇಲೇಳುವುದು. ಬೆಣ್ಣೆ ಸಡಿಲವಾಗುತ್ತಿದೆ ಎಂದು ಬೆರಳಿಗೆ ಗೊತ್ತಾದ ಕ್ಷಣ ಹಿಟ್ಟು ಮತ್ತೆ ಫ್ರಿಜ್ಜಿಗೆ ಹೋಗಬೇಕು. ಇದನ್ನೆಲ್ಲ ಬಾಯಲ್ಲಿ ಹೇಳುತ್ತಿದ್ದರೇ ಹೊರತು ಅತ್ತೆ ಸೊಸೆಯನ್ನು ಹಿಟ್ಟಿನ ಹತ್ತಿರ ಸುಳಿಯಗೊಟ್ಟವರಲ್ಲ. "ನಿಂದು ಬಿಸಿ ಕೈ. ನೀನು ಮುಟ್ಟಿದ್ದೆಲ್ಲ ಕರಗಿ ಹೋಗುತ್ತೆ, ನನ್ನ ಮಗನೂ ಸೇರಿ."

ಆದರೆ ಈಚೆಗೆ ಅತ್ತೆಯ ಬಿಸ್ಕತ್ತುಗಳೇ ಏಳುತ್ತಿರಲಿಲ್ಲ. ಆ ಶನಿವಾರ ಬೆಳಿಗ್ಗೆ ಚಹಾ ಅಂಗಡಿಯವನು ಹೋದ ವಾರದ ಡಬ್ಬಿಯನ್ನು ಹಾಗೇ ವಾಪಸು ತಂದ.

"ಅಮ್ಮಾ, ತಪ್ಪು ತಿಳ್ಕೋಬೇಡಿ. ಗಿರಾಕಿ ಇದನ್ನ ಚಹಾಕ್ಕೆ ಅದ್ದಿದ್ರೆ ಲೋಟಾನೇ ಒಡೆದುಹೋಗೋ ಹಾಗಿತ್ತು."

"ನಿನ್ನ ಚಹಾ ನೀರಿಗಿಂತ ತೆಳು. ಮೊದಲು ಅದನ್ನ ನೋಡ್ಕೋ, ಹೋಗಯ್ಯ!" ಎಂದು ಬಾಗಿಲು ಹಾಕಿದ ಅತ್ತೆ ಸೊಸೆಯತ್ತ ತಿರುಗಿದರು. "ಮಗು ಹಾಲು, ಮಗು ಹಾಲು ಅಂತ ಗಂಟೆಗೆ ಹತ್ತು ಸಲ ಫ್ರಿಜ್ ತೆಗೀತೀಯ. ಬೆಣ್ಣೆ ಎಲ್ಲಿಂದ ಗಟ್ಟಿ ಇರಬೇಕು?"

ಇವತ್ತು ನೋಡಿಯೇ ಬಿಡುವುದೆಂದು ಸೊಸೆ ಮಗುವನ್ನೆತ್ತಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಸ್ವಲ್ಪ ಹೊತ್ತಿಗೇ ಹಿಟ್ಟು ಅತ್ತೆಯ ಬೆರಳಿಗೆ ಅಂಟತೊಡಗಿತು. ಬೋಗುಣಿಯ ಅಂಚಿನಲ್ಲಿ ಎಣ್ಣೆ ಮಿರುಗಿತು. ಅತ್ತೆ ಉಜ್ಜುತ್ತಲೇ ಇದ್ದರು.

"ಅತ್ತೆ, ಬೆಣ್ಣೆ ಕರಗಿದೆ."

"ಎಲ್ಲಿ ಕರಗಿದೆ? ಐಸ್ ಇದ್ದಂಗಿದೆ."

"ಕಣ್ಣಿಗೆ ಕಾಣ್ತಿದೆಯಲ್ಲ."

"ಬಿಸ್ಕತ್ತು ಮಾಡೋದು ಕೈಯಲ್ಲಿ ಕಣೆ, ಕಣ್ಣಲ್ಲಲ್ಲ. ಹೋಗು, ಮಗು ಮೂಗು ಸೋರ್ತಿದೆಯಾ ನೋಡು. ಫೋನ್ ಮಾಡೋಕೆ ಏನಾದ್ರೂ ಒಂದು ಬೇಕಲ್ಲ ನಿಂಗೆ."

ಬಿಸ್ಕತ್ತು ಬಿಲ್ಲೆಗಳಂತೆ ಚಪ್ಪಟೆಯಾಗಿ ಬೆಂದವು. ತಟ್ಟೆ ಹೊರಗೆಳೆಯುವಾಗ ಹಿಡಿಬಟ್ಟೆ ಜಾರಿ ಅತ್ತೆಯ ಬರಿಗೈ ಕಾದ ತಗಡಿಗೆ ಹತ್ತಿತು. ಆ ಕೈಯಲ್ಲೇ ತಟ್ಟೆ ಹಿಡಿದು ನಾಲ್ಕು ಹೆಜ್ಜೆ ನಡೆದು, ಅದನ್ನು ಕಟ್ಟೆಯ ಮೇಲೆ ನಿಧಾನವಾಗಿ ಇಟ್ಟರು. ಹಾ ಎನ್ನಲಿಲ್ಲ, ಹೂ ಎನ್ನಲಿಲ್ಲ. "ಈ ಮೈದಾನೇ ದಂಡ," ಎಂದು ಗೊಣಗುತ್ತ ಬಚ್ಚಲಿಗೆ ಹೋಗಿ, ಮಗುವಿನ ಟಬ್ಬಿಗೆ ಬಿಸಿನೀರು ಬಿಟ್ಟು, ಅದೇ ಕೈಯನ್ನು ಮಣಿಕಟ್ಟಿನವರೆಗೆ ಅದ್ದಿದರು.

"ಹದವಾಗಿದೆ. ಕೊಡು ಮಗೂನ."

ಸೊಸೆ ಮಗುವನ್ನು ಗಟ್ಟಿಯಾಗಿ ಅವಚಿಕೊಂಡು ತನ್ನ ಮೊಣಕೈ ಅದ್ದಿದಳು. ಚುರ್ ಎಂದಿತು. ಅದ್ದಿದಷ್ಟೇ ಬೇಗ ಎಳೆದುಕೊಂಡಳು.

"ಎಷ್ಟು ದಿನದಿಂದ ಹೀಗೆ?"

"ಏನು ಹೀಗೆ?"

"ನಿಮ್ಮ ಕೈಗೆ ಬಿಸಿ, ತಣ್ಣಗೆ ಒಂದೂ ಗೊತ್ತಾಗ್ತಿಲ್ಲ. ಅಂಗೈ ನೋಡ್ಕೊಳ್ಳಿ."

ಅತ್ತೆ ನೋಡಿಕೊಂಡರು. ಬೊಬ್ಬೆ ಎದ್ದಿತ್ತು, ಆ ದಿನ ಆ ಮನೆಯಲ್ಲಿ ಸರಿಯಾಗಿ ಉಬ್ಬಿದ್ದು ಅದೊಂದೇ. ಅವರು ಗಾಬರಿಯಾಗಲಿಲ್ಲ. ಕೈಯನ್ನು ತಟ್ಟನೆ ಬೆನ್ನ ಹಿಂದೆ ಬಚ್ಚಿಟ್ಟರು. ಅಷ್ಟರಿಂದಲೇ ಸೊಸೆಗೆ ತಿಳಿದುಹೋಯಿತು, ಇದು ಅತ್ತೆಗೆ ಹೊಸ ಸುದ್ದಿಯಲ್ಲ.

"ಗೊತ್ತಿದ್ದೂ ಮಗೂನ ಈ ನೀರಿಗೆ ಇಳಿಸ್ತಿದ್ರಾ?"

"ಮತ್ತೇನ್ ಮಾಡ್ಲಿ? ಕೈ ಹೋಯ್ತು ಅಂತ ಡಂಗುರ ಹೊಡೆದು ಮೂಲೇಲಿ ಕೂತ್ಕೊಳ್ಲಾ? ನೀನು ಕಾಯ್ತಿದ್ದಿದ್ದೇ ಅದಕ್ಕೆ! ಮಾಡು, ನನ್ನ ಮಗನಿಗೆ ಫೋನ್ ಮಾಡು. ಮುದುಕಿ ನಿನ್ನ ಕೂಸನ್ನ ಬೇಯಿಸ್ತಿದ್ಲು ಅಂತ ಹೇಳು!"

"ಮಾಡ್ತೀನಿ. ನಿಮ್ಮನ್ನ ಕೇಳಿ ಮಾಡಬೇಕಾ?"

ಹಜಾರಕ್ಕೆ ಬಂದು ಫೋನ್ ತೆಗೆದಳು. ಗಂಡನ ನಂಬರೇ ಎಲ್ಲಕ್ಕಿಂತ ಮೇಲಿತ್ತು. ಅವನು ನಗುತ್ತಾನೆ. ಮೊದಲು ಇವಳನ್ನು, ಆಮೇಲೆ ಇಬ್ಬರನ್ನೂ. ಅವಳು ಪಟ್ಟಿಯಲ್ಲಿ ಕೆಳಗೆ ಸರಿದು, ಮೂರು ಸಲ ಕಟ್ ಮಾಡಿದ್ದ ನಂಬರನ್ನು ಒತ್ತಿದಳು.

"ಏನ್ ಮೇಡಂ, ಮಗು ಮತ್ತೆ ಸೀನಿತಾ?" ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವವಳ ದನಿಯಲ್ಲಿ ನಗುವಿತ್ತು.

"ಮಗುಗಲ್ಲ. ನಮ್ಮತ್ತೆಗೆ. ಕೈಗೆ ಏನ್ ಮುಟ್ಟಿದ್ರೂ ಗೊತ್ತಾಗ್ತಿಲ್ಲ, ಸುಟ್ಕೊಂಡಿದ್ದಾರೆ. ಇವತ್ತೇ ತೋರಿಸಬೇಕು."

"ನಾನೆಲ್ಲೂ ಬರಲ್ಲ ಅಂತ ಹೇಳೇ ಅವಳಿಗೆ!" ಬಚ್ಚಲಿನಿಂದ ಅತ್ತೆ ಕಿರುಚಿದರು.

"ಮೇಡಂ, ಅವರು ಬರ್ತಾರಾ?"

"ಬರ್ತಾರೆ," ಎಂದಳು ಸೊಸೆ. "ಹನ್ನೊಂದು ಗಂಟೆಗೆ ಬರ್ಕೊಳ್ಳಿ."