ಬೆಲ್ಲ ಕುಡಿಯುತ್ತಿದ್ದ ಸೇತುವೆ

ಬೆಲ್ಲ ಪಾಕಕ್ಕಿಟ್ಟಾಗ, ಪಕ್ಕದವರು ಸುಣ್ಣ ನೆನೆಹಾಕಿದ ವಾಸನೆಯೂ ಕಿಟಕಿಯಿಂದ ಬಂದುಬಿಟ್ಟರೆ, ಈಗ ನಾನು ಒಲೆ ಆರಿಸಿ ಕೂತುಬಿಡುತ್ತೇನೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಶ್ರೀನಿವಾಸಪುರದ ಹತ್ತಿರ ನಮ್ಮ ಮನೆಗೂ ಮಾವಿನ ತೋಟಕ್ಕೂ ನಡುವೆ ಕೆರೆಗೆ ನೀರೊಯ್ಯುವ ಕಾಲುವೆ; ಅದರ ಮೇಲೆ ಮುತ್ತಾತನ ಕಾಲದ ಇಟ್ಟಿಗೆಯ ಕಮಾನು ಸೇತುವೆ. ಪ್ರತಿ ಬೇಸಿಗೆ, ಕಾಯಿ ಕಿತ್ತು ಗಾಡಿಗಳು ಓಡಾಡುವ ಮೊದಲು, ಗಾರೆ ಕೆಲಸದ ವೆಂಕಟಪ್ಪ ತಾತ ಬಂದು ಸುಣ್ಣ, ಮರಳನ್ನು ಬೆಲ್ಲದ ನೀರಿನಲ್ಲಿ ಅರೆಸಿ, ಸವೆದ ಸಂದುಗಳಿಗೆಲ್ಲ ಬೆರಳಿನಿಂದಲೇ ತುಂಬುತ್ತಿದ್ದರು. ಅವರ ಉಗುರುಗಳ ಸುತ್ತ ಸುಣ್ಣ ಕಚ್ಚಿದ ಬಿಳಿ ಗೆರೆ. ನಾನು ಬೆಲ್ಲ ಕದ್ದರೆ, "ಲೇ ಪಾಪಾ, ಸೇತುವೆ ಪಾಲೂ ನೀನೇ ತಿಂದ್ರೆ ಅದು ಉಪವಾಸ ಇರ್ಬೇಕೇನೇ?" ಎನ್ನುತ್ತಿದ್ದರು. ಕಮಾನಿನ ಕೆಳಗೆ ಆಡುತ್ತಿದ್ದ ನಮ್ಮನ್ನು ಅಮ್ಮ ಊಟಕ್ಕೆ ಕರೆಯುತ್ತಿದ್ದುದು ಮೇಲೆ ನಿಂತು ಹಿಮ್ಮಡಿಯಿಂದ ಎರಡು ಸಲ ಕುಟ್ಟಿ.

ಒಂಬತ್ತನೇ ಕ್ಲಾಸಿನ ಬೇಸಿಗೆಯಲ್ಲಿ ಕಾನ್ವೆಂಟಿನ ಗೆಳತಿಯರು ತೋಟಕ್ಕೆ ಬರುವವರಿದ್ದರು. ಪಾಚಿ ಕಟ್ಟಿ ಮುಕ್ಕಾದ ಇಟ್ಟಿಗೆ ನೋಡಿ ನಗುತ್ತಾರೆಂದು ನನಗೆ ನಾಚಿಕೆ. ನುಣ್ಣಗೆ ಸಿಮೆಂಟು ಮೆತ್ತಿಸಿ ಎಂದು ಎರಡು ದಿನ ಊಟ ಬಿಟ್ಟೆ. ಅಪ್ಪ ಸೋತರು. ತಾತ ಮಾತ್ರ, "ಬ್ಯಾಡ ಸ್ವಾಮಿ, ಒಳಗಿನ ತ್ಯಾವ ಹೊರಕ್ಕೆ ಬರಕ್ಕಾಗಲ್ಲ, ಇಟ್ಟಿಗೆ ಒಳಗೊಳಗೇ ಸಾಯ್ತೈತೆ" ಎಂದರು. "ನಿಮ್ ಕೆಲ್ಸ ಹೋಗತ್ತೆ ಅಂತ ಹಂಗಂತೀರ ತಾತ," ಎಂದೆ ನಾನು. ಅವರು ಕೈ ತೊಳೆದುಕೊಂಡು ಹೊರಟುಹೋದರು. ಪೇಟೆಯಿಂದ ಬೇರೆ ಮೇಸ್ತ್ರಿ ಬಂದು ಸಿಮೆಂಟು ಮೆತ್ತಿದ. ಮುಂದಿನ ಬೇಸಿಗೆ ಅವರನ್ನು ಕರೆಯುವ ಅಗತ್ಯವೇ ಬೀಳಲಿಲ್ಲ.

ಈ ವರ್ಷದ ಮಳೆಗೆ ಅರ್ಧ ಕಮಾನು ಕುಸಿಯಿತು. ಉಳಿದದ್ದನ್ನೂ ಕೆಡವಿ ಪೈಪು ಹಾಕುತ್ತೇನೆಂದು ತಮ್ಮ ಫೋನು ಮಾಡಿದ. "ಒಂದೇ ಒಂದು ದಿನ ತಡಿಯೋ" ಎಂದು ಬೇಡಿಕೊಂಡು ಊರಿಗೆ ಓಡಿದೆ. ತಾತ ತೀರಿಹೋಗಿ ಬಹಳ ವರ್ಷವಾಗಿತ್ತು. ಈಗ ಮೇಸ್ತ್ರಿ ಕೆಲಸ ಮಾಡುವ ಅವರ ಮಗಳು ರತ್ನಮ್ಮನನ್ನು ಕರೆದೊಯ್ದೆ. ಅವಳು ಉಳಿದ ಕಮಾನಿಗೆ ಕರಣೆಯಿಂದ ತಟ್ಟಿದಳು. ಸಿಮೆಂಟಿನ ಪದರ ಇಡಿಯಾಗಿ ಕಳಚಿ, ಹಿಂದಿನ ಇಟ್ಟಿಗೆ ಕೆಂಪು ಹಿಟ್ಟಾಗಿ ಸುರಿಯಿತು. "ಗಾರೆ ತುಂಬೋಣ ರತ್ನಮ್ಮ, ಏನ್ ಬೇಕೋ ತರ್ಸ್ತೀನಿ," ಎನ್ನುತ್ತ ಆ ಪುಡಿಯನ್ನೇ ಎರಡೂ ಕೈಯಲ್ಲಿ ಬಾಚಿ ಬಿರುಕಿಗೆ ಒತ್ತಿದೆ. ಒತ್ತಿದಷ್ಟೂ ಪುಡಿ ವಾಪಸು ಸುರಿದು ಮೊಣಕೈವರೆಗೆ ಇಳಿಯಿತು. "ತುಂಬೋದು ಯಾತಕ್ಕಕ್ಕ? ಹಿಡ್ಕೊಳಕ್ಕೆ ಇಟ್ಟಿಗೆನೇ ಇಲ್ವಲ್ಲ. ಬನ್ನಿ ಈಚೆಗೆ," ಎಂದು ಅವಳು ನನ್ನ ತೋಳು ಹಿಡಿದು ದಡಕ್ಕೆ ತಂದಳು. ನನ್ನ ತಮ್ಮ ಜೆಸಿಬಿಯವನಿಗೆ ಕೈ ಎತ್ತಿದ. ಎರಡೇ ಏಟು, ಹೆಚ್ಚು ಸದ್ದೂ ಆಗಲಿಲ್ಲ.

"ನಮ್ಮಪ್ಪ ನಿಮ್ಮನ್ನ ಒಂದಿನಾನೂ ಬೈಲಿಲ್ಲಕ್ಕ," ಎಂದಳು ರತ್ನಮ್ಮ, ಸಮಾಧಾನಕ್ಕೆ. ಬೈದಿದ್ದರೆ, ಜಗಳಕ್ಕಾದರೂ ಒಂದು ಸಲ ಅವರ ಮನೆ ಬಾಗಿಲಿಗೆ ಹೋಗಿರುತ್ತಿದ್ದೆ.