ಬೆಲ್ಟಿನ ಎಂಟನೆಯ ತೂತು

ಅಪ್ಪನ ಕೈಗಡಿಯಾರ ಟಾಲಿಗಂಜಿನ ನಮ್ಮ ಮನೆಗೆ ಬಂದ ರೀತಿಯನ್ನು ಮೊದಲು ದಾಖಲಿಸುತ್ತೇನೆ. ಅಣ್ಣ ತೀರಿಕೊಂಡು ವರ್ಷ ತುಂಬಿದ ಮೇಲೆ ಅತ್ತಿಗೆ ಅದನ್ನು ಉಡುಪಿಯಿಂದ ತನ್ನ ತಮ್ಮನ ಮಗನ ಕೈಯಲ್ಲಿ ಕಳುಹಿಸಿದರು. ಆ ಮಹಾನುಭಾವ ಹೌರಾದಲ್ಲಿ ರೈಲಿಳಿದು, ಟ್ಯಾಕ್ಸಿ ಹಿಡಿದು, ನಮ್ಮ ಕಟ್ಟಡದವರೆಗೂ ಬಂದು, ಲಿಫ್ಟಿನಲ್ಲಿ ಮೂರು ಮಹಡಿ ಏರುವ ಶ್ರಮವೊಂದನ್ನು ಬಿಟ್ಟು ಉಳಿದೆಲ್ಲ ಶ್ರಮವನ್ನೂ ಪಟ್ಟು, ಪೊಟ್ಟಣವನ್ನು ಕಾವಲುಗಾರನ ಕೈಗಿತ್ತು ಹೋದ. ಒಳಗೆ ಹಲಸಿನ ಹಪ್ಪಳದ ಎರಡು ಕಟ್ಟುಗಳಿದ್ದವು. ಅವುಗಳ ನಡುವೆ, ಹಳೆಯ ಬನಿಯನ್ನಿನ ತುಂಡಿನಲ್ಲಿ ಸುತ್ತಿಕೊಂಡು, ನಮ್ಮ ವಂಶದ ಏಕೈಕ ಸ್ವಿಸ್ ವಸ್ತು. ಹಪ್ಪಳ ಒಂದೂ ಮುರಿದಿರಲಿಲ್ಲ. ಗಡಿಯಾರ ನಿಂತಿತ್ತು.

ಈ ಗಡಿಯಾರವನ್ನು ನಾನು ಹಿಂದೊಮ್ಮೆ ಬಾಯಿಬಿಟ್ಟು ಕೇಳಿದ್ದೆ. ಅಪ್ಪ ಅಂಚೆ ಮಾಸ್ತರರಾಗಿದ್ದರು. ಊರಿನ ಗಡಿಯಾರಗಳೆಲ್ಲ ಅವರ ಮಣಿಕಟ್ಟನ್ನು ನೋಡಿ ತಿದ್ದಿಕೊಳ್ಳುತ್ತಿದ್ದವು. ಅವರು ಹೋದ ಹದಿಮೂರನೆಯ ದಿನ, ಊಟ ಮುಗಿದು ಚಾವಡಿಯಲ್ಲಿ ಎಲೆಯಡಿಕೆಯ ತಟ್ಟೆ ಸುತ್ತುತ್ತಿದ್ದಾಗ, ಅದು ನನಗಿರಲಿ ಎಂದೆ. ಅಣ್ಣ ನನ್ನ ಮಣಿಕಟ್ಟನ್ನು ಎರಡು ಬೆರಳುಗಳ ನಡುವೆ ಹಿಡಿದೆತ್ತಿ ನೆರೆದವರಿಗೆಲ್ಲ ತೋರಿಸಿದ.

“ಇದಕ್ಕಾ? ಈ ಕೈಗೆ ಅದು ಬಳೆ ಆಗ್ತದೆ ಮಾರಾಯ!”

ಚಾವಡಿ ತುಂಬ ನಗು. ಸೂತಕ ಕಳೆದಿದ್ದುದರಿಂದ ನಗುವುದಕ್ಕೆ ಶಾಸ್ತ್ರದ ಅಡ್ಡಿಯೇನೂ ಇರಲಿಲ್ಲ. ಯಾರು ಯಾರು ನಕ್ಕರೆಂಬುದನ್ನು ಅವರು ಕುಳಿತಿದ್ದ ಅನುಕ್ರಮದಲ್ಲಿಯೇ ಇಂದಿಗೂ ಹೇಳಬಲ್ಲೆ. ಅವರಲ್ಲಿ ಈಗ ಬದುಕಿರುವವರು ಮೂವರು. ಅಪ್ಪನದೂ ಅಣ್ಣನದೂ ಒನಕೆಯಂಥ ಕೈಗಳು. ನನಗೆ ಅಮ್ಮನ ಕೈ ಬಂದಿದೆ. ಅದೊಂದು ಅಪರಾಧವೆಂದು ಆ ದಿನದವರೆಗೆ ನನಗೆ ಯಾರೂ ತಿಳಿಸಿರಲಿಲ್ಲ.

ಈಗ ಬಂದಿದೆಯಲ್ಲ, ಏನು ಮಾಡುವುದು? ಜಾದವ್‌ಪುರದಲ್ಲಿ ಓದುವ ಮೊಮ್ಮಗಳು ಅದನ್ನು ಕಂಡೊಡನೆ ಕೂಗಿಕೊಂಡಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ. ಉತ್ತರ ಮಾತ್ರ ಬೇರೆ ದಾರಿಯಿಂದ ಬರುತ್ತದೆ.

“ಅಜ್ಜಾ, ಟಚ್ ಮಾಡ್ಬೇಡಿ! ಪ್ರಾಪರ್ ವಿಂಟೇಜ್ ಇದು. ಸೆಲ್ ಮಾಡಿ.”

ನಾನು ಕನ್ನಡಕ ಹುಡುಕುವಷ್ಟರಲ್ಲಿ ಅವಳು ಚಿತ್ರ ತೆಗೆದು ಫೋನಿನಲ್ಲಿ ಹಾಕಿಯಾಗಿತ್ತು. ಸಂಜೆಯೊಳಗೆ ಇದೇ ಊರಿನ ಒಬ್ಬ ಸಂಗ್ರಾಹಕ ಸಿಕ್ಕಿದ. ಅವನ ಷರತ್ತು ವಿಚಿತ್ರವಾಗಿತ್ತು: ರಿಪೇರಿ ಮಾಡಿಸಕೂಡದು, ತೊಳೆಸಕೂಡದು, ಬಟ್ಟೆಯಿಂದ ಒರೆಸಲೂ ಕೂಡದು. ಮುಖದ ಮೇಲಿನ ಹಳದಿ ಕಲೆಗೆ ಅವನು ಕೊಟ್ಟ ಹೆಸರು ‘ವ್ಯಕ್ತಿತ್ವ’. ನನ್ನ ಮುಖದ ಮೇಲೂ ಹಲವು ವರ್ಷಗಳಿಂದ ಅಂಥದೇ ಕಲೆಗಳಿವೆ. ಚರ್ಮದ ವೈದ್ಯರು ಅವುಗಳಿಗೆ ಹಾಗೆ ಹೆಸರಿಟ್ಟಿಲ್ಲ.

ಹೀಗಾಗಿ ರಿಪೇರಿ ಮಾಡಿಸಿದರೆ ಮಾರುವಂತಿಲ್ಲ, ಮಾಡಿಸದಿದ್ದರೆ ಕಟ್ಟುವಂತಿಲ್ಲ. ಬ್ಯಾಂಕಿನಲ್ಲಿ ಒಂದು ದಿನವೂ ಹಾಜರಿ ಪುಸ್ತಕಕ್ಕೆ ತಡವಾಗಿ ಸಹಿ ಮಾಡದವನು ನಿಂತ ಗಡಿಯಾರವನ್ನು ಅಲಂಕಾರಕ್ಕೆ ಕಟ್ಟಿಕೊಂಡು ತಿರುಗುವುದು ಸಾಧ್ಯವಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ ನನ್ನ ಹೆಂಡತಿ ಒಂದೇ ಮಾತು ಹೇಳಿದಳು.

“ನಿಮಗೆ ಬೇಕಾದದ್ದು ವಾಚಾ, ಭಾವನ ಮೇಲಿನ ಸಿಟ್ಟಾ? ವಾಚಾದ್ರೆ ಕಟ್ಟಿ. ಸಿಟ್ಟಾದ್ರೆ ಮಾರಿ.”

ಮಾರುವುದೆಂದು ನಿಶ್ಚಯಿಸಿದೆ. ತಮ್ಮನ ಕೈಗೆ ಒಪ್ಪುವುದಿಲ್ಲವೆಂದು ಅಣ್ಣ ಬಚ್ಚಿಟ್ಟ ವಸ್ತುವನ್ನು ಹೆಸರು ಗೊತ್ತಿಲ್ಲದವನ ಕೈಗೆ ಕೊಟ್ಟುಬಿಡುವುದರಲ್ಲಿ ಒಂದು ನ್ಯಾಯವಿತ್ತು. ಅಣ್ಣನಿಗೆ ನಾನು ಕೊಡದೆ ಉಳಿದಿದ್ದ ಉತ್ತರ ಅದೇ. ಸಂಗ್ರಾಹಕನಿಗೆ ಭಾನುವಾರ ಹನ್ನೊಂದು ಗಂಟೆಗೆ ಬರಹೇಳಿದೆ. ಆದರೆ ಒಳಗೆ ಏನಿದೆಯೆಂದು ತಿಳಿಯದೆ ಏನನ್ನೂ ಹಸ್ತಾಂತರಿಸುವ ಅಭ್ಯಾಸ ನನಗಿಲ್ಲ. ಹೊರಗಿನ ಪರಿಶೀಲನೆಯನ್ನು ನಾನೇ ಮುಗಿಸಿದ್ದೆ. ಗಾಜಿನ ಮೇಲೆ ಎರಡು ಗೀರು. ಚರ್ಮದ ಬೆಲ್ಟಿನಲ್ಲಿ ಮೊದಲಿಂದ ಇದ್ದ ಏಳು ತೂತುಗಳಲ್ಲದೆ, ಬಹಳ ಒಳಗೆ, ಎಂಟನೆಯದೊಂದು. ಆ ಮನೆಯಲ್ಲಿ ಮಕ್ಕಳನ್ನು ಬೆಳೆಸಿದ ಬಗೆ ನನಗೆ ಗೊತ್ತು. ಯಾವುದೋ ಮಗು ಕಂಪಾಸಿನ ಮುಳ್ಳಿನಿಂದ ಚುಚ್ಚಿರಬೇಕೆಂದು ತೀರ್ಮಾನಿಸಿದೆ.

ನಮ್ಮ ಪಾಡಾದಲ್ಲಿ, ಎಂದರೆ ನಮ್ಮ ಕೇರಿಯಲ್ಲಿ, ಉಳಿದಿರುವ ಗಡಿಯಾರ ರಿಪೇರಿಯವರು ಒಬ್ಬರೇ. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಅವರ ಅಂಗಡಿ. ಒಂದೂ ಕಾಲಿಗೆ ಹೋದೆ. ಬಾಗಿಲು ಹಾಕಿತ್ತು. ನಾಲ್ಕರವರೆಗೆ ನಿದ್ರೆ. ಬೇರೆ ಊರುಗಳಲ್ಲಿ ಮಧ್ಯಾಹ್ನ ಅಂಗಡಿ ಮುಚ್ಚಿದ್ದರೆ ಕಾರಣ ಕೇಳುತ್ತಾರೆ, ಇಲ್ಲಿ ತೆರೆದಿದ್ದರೆ ಕೇಳುತ್ತಾರೆ. ನಲವತ್ತು ವರ್ಷ ಇಲ್ಲಿದ್ದೂ ನಾನು ಇದನ್ನು ಒಪ್ಪಿಲ್ಲ. ನಾಲ್ಕಕ್ಕೆ ಮತ್ತೆ ಹೋದೆ.

ಅವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಹಿಂಬದಿಯ ಮುಚ್ಚಳ ತೆಗೆದರು. ಯಂತ್ರವನ್ನು ನೋಡಲಿಲ್ಲ, ಮುಚ್ಚಳವನ್ನು ತಿರುಗಿಸಿ ಅದರ ಒಳಮೈಯನ್ನು ದೀಪಕ್ಕೆ ಹಿಡಿದರು.

“ಅರೆ, ಇದು ನನ್ನದೇ ಕೈ, ಮೋಶಾಯ್!”

ಆ ಕಸುಬಿನಲ್ಲಿ ಒಂದು ಪದ್ಧತಿಯಿದೆಯಂತೆ. ರಿಪೇರಿ ಮಾಡಿದವನು ಮುಚ್ಚುವ ಮುನ್ನ ಮುಚ್ಚಳದ ಒಳಗೆ ಸೂಜಿಯಿಂದ ತನ್ನ ಗುರುತು, ತಿಂಗಳು, ವರ್ಷ ಗೀಚುತ್ತಾನೆ. ಕಟ್ಟಿಕೊಂಡವನಿಗೆ ಅದು ಕಾಣುವುದಿಲ್ಲ, ಮುಂದೆ ತೆರೆಯುವವನಿಗೆ ಮಾತ್ರ ಕಾಣುತ್ತದೆ. ಮಸೂರವನ್ನು ನನಗೂ ಕೊಟ್ಟರು. ನಮ್ಮೂರ ಕಡೆಯ ಯಾರದೋ ಇಂಗ್ಲಿಷ್ ಅಂಕಿಗಳ ನಾಲ್ಕು ಸಾಲು. ಅವುಗಳ ಕೆಳಗೆ, ಕೊನೆಯದಾಗಿ, ಬಂಗಾಳಿ ಅಂಕಿಗಳ ಒಂದು ಸಾಲು. ಓದಿದೆ. ನನ್ನ ಮಗಳ ಮದುವೆಯ ತಿಂಗಳು, ಮದುವೆಯ ವರ್ಷ.

“ಈ ತೂತೂ ನಾನು ಹೊಡೆದದ್ದೇ,” ಎಂದರು ಅವರು, ಬೆಲ್ಟನ್ನು ಎತ್ತಿ. “ನನ್ನ ಪಂಚ್ ಸವೆದಿದೆ, ತೂತು ಮೊಟ್ಟೆಯ ಹಾಗೆ ಬರುತ್ತದೆ, ನೋಡಿ.”

“ಯಾರು ಹೊಡೆಸಿದ್ದು, ದಾದಾ?”

“ಗಿರಾಕಿಯ ಮುಖ ನನಗೆ ನೆನಪಿರುವುದಿಲ್ಲ. ಆದರೆ ಇಷ್ಟು ಒಳಗೆ ಬೇಕೆಂದರೆ...” ಅವರು ಕೈ ಚಾಚಿ ನನ್ನ ಮಣಿಕಟ್ಟನ್ನು ಎರಡು ಬೆರಳುಗಳ ನಡುವೆ ಹಿಡಿದರು. “ಇಂಥ ಕೈಗೇ ಇರಬೇಕು.”

ಮಗಳ ಮದುವೆಯ ಮುನ್ನಾದಿನವನ್ನು ನಾನು ಮರೆತಿರಲಿಲ್ಲ. ಅಣ್ಣನ ಅಪರಾಧಗಳಲ್ಲಿ ಅದಕ್ಕೆ ಬಳೆಯ ಮಾತಿನ ನಂತರದ ಸ್ಥಾನವಿತ್ತು. ಬೆಳಿಗ್ಗೆ ನಾಂದಿ ಮುಗಿದೊಡನೆ ಅವನು ಹೇಳದೆ ಕೇಳದೆ ಮನೆಯಿಂದ ಮಾಯವಾದ. ಒಂದು ಗಂಟೆಗೆ ಪಂಕ್ತಿ ಹಾಕಿದೆವು. ಮೊದಲ ಪಂಕ್ತಿಯ ಮೊದಲ ಎಲೆ ಮನೆಯ ಹಿರಿಯನದು. ಅವನು ಕೂರದೆ ಯಾರೂ ತುತ್ತೆತ್ತುವಂತಿಲ್ಲ. ನಮ್ಮ ಬಂಗಾಳಿ ಬೀಗರು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಅಭ್ಯಾಸವಿಲ್ಲದ ದೊಡ್ಡ ಮನುಷ್ಯರು, ಎಲೆಯ ತುದಿಯ ಉಪ್ಪನ್ನೂ ಉಪ್ಪಿನಕಾಯಿಯನ್ನೂ ನೋಡುತ್ತ ಮುಕ್ಕಾಲು ಗಂಟೆ ಕುಳಿತರು. ಅವರಲ್ಲೊಬ್ಬರು, ಇದೇ ಊಟವಿರಬಹುದೆಂದು ಭಾವಿಸಿ, ಉಪ್ಪನ್ನು ತಿಂದು ಮುಗಿಸಿದರು. ಕೊನೆಗೆ ಪುರೋಹಿತರು ಒಂದು ಪರಿಹಾರ ಹೇಳಿ ಊಟ ನಡೆಸಿದರು.

ಅಣ್ಣ ಬಂದದ್ದು ನಾಲ್ಕೂ ಕಾಲಿಗೆ. ಮುಖದ ತುಂಬ ನಗು, ಬಲಗೈ ಜುಬ್ಬದ ಕಿಸೆಯೊಳಗೆ. ನಾನು ಬಾಗಿಲಲ್ಲಿಯೇ, ಬೀಗರೂ ಬಂಧುಗಳೂ ಕೇಳುವಂತೆ ಹೇಳಿದೆ: “ಈ ಮನೆಯಲ್ಲಿ ಊಟಕ್ಕೊಂದು ಹೊತ್ತು ಅಂತ ಉಂಟು. ನಿನ್ನ ಕೈಯಲ್ಲಿ ಗಡಿಯಾರ ಇಲ್ಲವೋ?”

“ಉಂಟು ಮಾರಾಯ,” ಎಂದ. “ಅದರಿಂದಲೇ ತಡ ಆದದ್ದು.”

ಇದನ್ನು ಕುಚೋದ್ಯವೆಂದೇ ತಿಳಿದಿದ್ದೆ. ಈಗ ಆ ಮೆಟ್ಟಿಲ ಕೆಳಗೆ ನಿಂತು ಲೆಕ್ಕ ಹಾಕಿದೆ. ಉಡುಪಿಯವನು ಊಟದ ಹೊತ್ತಿಗಿಂತ ಮೊದಲೇ ಮುಗಿದೀತೆಂದು ನಂಬಿ ಗಡಿಯಾರವನ್ನು ಬಿಚ್ಚಿಸಿದ್ದಾನೆ. ಒಂದು ಗಂಟೆಗೆ ಕಲ್ಕತ್ತ ಬಾಗಿಲು ಹಾಕಿಕೊಂಡು ಮಲಗಿದೆ, ಗಡಿಯಾರವನ್ನು ಒಳಗಿಟ್ಟುಕೊಂಡು. ಮರುದಿನ ಮುಹೂರ್ತ, ಆದ್ದರಿಂದ ಹೊರಗಿನ ಬೆಂಚಿನ ಮೇಲೆ ಕಾದಿದ್ದಾನೆ. ಕಿಸೆಯೊಳಗಿನ ಕೈ ನನ್ನ ಮಾತಿನ ಮೇಲೆ ಹೊರಗೆ ಬರಲಿಲ್ಲವೆಂಬುದೂ ಆಗ ನೆನಪಾಯಿತು. ಅವನು ಎಡಗೈಯಿಂದಲೇ ಚಪ್ಪಲಿ ಬಿಚ್ಚಿ, ಒಳಗೆ ಹೋಗಿ, ತಣ್ಣಗಾದ ಅನ್ನವನ್ನು ಒಬ್ಬನೇ ಕುಳಿತು ಉಂಡಿದ್ದ.

ಮನೆಗೆ ಬಂದು ಅತ್ತಿಗೆಗೆ ಫೋನು ಮಾಡಿದೆ.

“ಹೌದಪ್ಪ, ಮದುವೆ ಮನೆಯಲ್ಲಿ ನಿಮಗೆ ಕೊಡ್ಲಿಕ್ಕೆ ಅಂತಲೇ ತಂದದ್ದು. ಕೊಡದೆ ವಾಪಸು ತಂದ್ರು.”

“ಯಾಕೆ ಅಂತ ನೀವು ಕೇಳಲಿಲ್ಲವಾ?”

“ಕೇಳದೆ ಉಂಟಾ? ‘ಅವನಿಗೆ ಗಡಿಯಾರ ಬೇಡ, ಅವನೇ ಒಂದು ಗಡಿಯಾರ’ ಅಂದ್ರು. ಕಪಾಟಿನಲ್ಲಿ ಇಟ್ರು. ಮತ್ತೆ ಅದನ್ನು ಅವರೂ ಕಟ್ಟಲಿಲ್ಲ.”

ಈ ಮಾತನ್ನೂ ನಾನು ಮರೆಯುವವನಲ್ಲ. ಬಾಯಿಬಿಟ್ಟು ಒಂದು ವಾಕ್ಯ ಹೇಳಿದ್ದರೆ ಮುಗಿಯುತ್ತಿದ್ದ ವಿಷಯಕ್ಕೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಪಾಟಿನ ಬೀಗ ಹಾಕಿದವನು ಅಣ್ಣ. ಆ ತಪ್ಪು ಅವನದೇ, ಅವನ ಹೆಸರಿನಲ್ಲೇ ಇರಲಿ. ಬಾಗಿಲಲ್ಲಿ ನಿಂತು ಆಡಿದ ಮಾತು ನನ್ನದು.

ಶುಕ್ರವಾರ ಗಡಿಯಾರವನ್ನು ತೊಳೆಸಿ, ಎಣ್ಣೆ ಹಾಕಿಸಿ ತಂದೆ. ರಿಪೇರಿಯವರು ಮುಚ್ಚಳದೊಳಗೆ ಹೊಸ ಸಾಲೊಂದನ್ನು ಗೀಚಿದರು. ಎಂಟನೆಯ ತೂತಿಗೆ ಬಕಲಿನ ಮುಳ್ಳು ಮೊದಲ ಸಲ ಹೊಕ್ಕಾಗ ಚರ್ಮ ಸ್ವಲ್ಪ ಮೊಂಡು ಹಿಡಿಯಿತು, ಆಮೇಲೆ ಕೂತಿತು. ಬಳೆಯಾಗಲಿಲ್ಲ.

ಸಂಗ್ರಾಹಕನಿಗೆ ಬರಬೇಡವೆಂದು ತಿಳಿಸಲು ಮೊಮ್ಮಗಳಿಗೆ ಹೇಳಿದ್ದೆ. ಅವಳು ಮರೆತಳು, ಅದು ಬೇರೆ ವಿಚಾರ. ಭಾನುವಾರ ಅವನು ಬಂದ, ಹನ್ನೊಂದಕ್ಕಲ್ಲ. ಬಾಗಿಲು ತೆರೆದೆ. ಆ ಹಳೆಯ ಮಾತು ನಾಲಗೆಯ ತುದಿಗೆ ಬಂದು ನಿಂತಿತು. ಅಡುಗೆಮನೆಯ ಬಾಗಿಲಿನಿಂದ ಹೆಂಡತಿ ನನ್ನನ್ನೇ ನೋಡುತ್ತಿದ್ದಳು.

“ಟ್ರಾಫಿಕ್, ಅಂಕಲ್,” ಎಂದ ಅವನು. ನನ್ನ ಕೈ ನೋಡಿದವನೇ ಬಾಗಿಲ ಚೌಕಟ್ಟು ಹಿಡಿದುಕೊಂಡ. “ತೊಳೆಸಿಬಿಟ್ರಾ? ವ್ಯಕ್ತಿತ್ವವೇ ಹೋಯ್ತಲ್ಲ!”

“ಹೋಗಲಿ,” ಎಂದೆ. “ಊಟದ ಹೊತ್ತಾಯಿತು. ಹಲಸಿನ ಹಪ್ಪಳ ಕರಿದಿದ್ದಾರೆ, ಒಳಗೆ ಬನ್ನಿ.”

ಹಪ್ಪಳವನ್ನು ಅವನು ಚೆನ್ನಾಗಿಯೇ ತಿಂದ. ಬಂದದ್ದು ಮಾತ್ರ ಒಂದು ಗಂಟೆ ಇಪ್ಪತ್ತೆರಡು ನಿಮಿಷ ತಡವಾಗಿ. ಅಪ್ಪನ ಗಡಿಯಾರವನ್ನು ನೋಡಿಯೇ ಹೇಳುತ್ತಿದ್ದೇನೆ.